ಬೆಲುಂ ಸಾಹೇಬರು

ಬಾಲಿಯ ಉಬುದ್‌ನಲ್ಲಿ ನಾನು ಆರು ತಿಂಗಳು ಬಾಡಿಗೆಗಿದ್ದ ವಠಾರದಲ್ಲಿ, ನನ್ನ ಎದುರಿನ ಕೋಣೆಯಲ್ಲಿ ಒಬ್ಬ ಲೇಖಕರಿದ್ದರು. ಮೆಲ್ಬರ್ನ್ ಕಡೆಯವರು. ಐವತ್ತು ದಾಟಿದ ವಯಸ್ಸು, ಬಿಸಿಲಿಗೆ ಸುಲಿದ ಮೂಗು, ಸೊಂಟಕ್ಕೆ ನಿಲ್ಲದ ಸರೋಂಗು. ಕಾದಂಬರಿ ಬರೆಯಲು ಬಂದವರು. ಆ ಊರಲ್ಲಿ ಇಂಥವರು ಅಪರೂಪವೇನಲ್ಲ. ಯಾವ ಕೆಫೆಗೆ ಹೋದರೂ ಮೂರು ಟೇಬಲ್ಲಿಗೊಬ್ಬರಂತೆ ಲ್ಯಾಪ್‌ಟಾಪ್ ತೆರೆದಿಟ್ಟು ಗದ್ದೆ ನೋಡುತ್ತ ಕೂತಿರುತ್ತಾರೆ. ಆ ಗದ್ದೆಯಲ್ಲಿ ನಾಟಿ ಮುಗಿದು ಕೊಯ್ಲೂ ಆಗಿರುತ್ತದೆ. ಇವರ ಮೊದಲ ಅಧ್ಯಾಯ ಮಾತ್ರ ಇನ್ನೂ ಮೊಳೆತಿರುವುದಿಲ್ಲ.

ಮನೆಯೊಡತಿಯನ್ನು ನಾವೆಲ್ಲ ಇಬು ಎನ್ನುತ್ತಿದ್ದೆವು, ಅಂದರೆ ಅಮ್ಮ. ಅವರು ದಿನಾ ಬೆಳಿಗ್ಗೆ ತೆಂಗಿನಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ನಾಲ್ಕು ಕಾಳು ಅನ್ನ, ಒಂದು ಬಿಸ್ಕತ್ತು ಇಟ್ಟು ಊದುಬತ್ತಿ ಹಚ್ಚಿ ಪ್ರತಿ ಹೊಸ್ತಿಲಿಗೂ ಇಟ್ಟು ಹೋಗುತ್ತಿದ್ದರು. ಹೋಗುವಾಗ ನಮ್ಮ ಲೇಖಕ ಸಾಹೇಬರಿಗೆ, ಪಾಕ್ ಅಂದರೆ ಯಜಮಾನರೇ ಎಂದು ಕರೆದು, ಒಂದು ಪ್ರಶ್ನೆ: "ಪಾಕ್, ಪುಸ್ತಕ ಮುಗೀತಾ?"

"ಬೆಲುಂ."

ಬೆಲುಂ ಎಂದರೆ 'ಇನ್ನೂ ಇಲ್ಲ'. ಇಂಡೊನೇಷ್ಯಾದಲ್ಲಿ ಮದುವೆ ಆಯ್ತಾ, ಮಕ್ಕಳಾಯ್ತಾ ಎಂದು ಕೇಳಿದರೆ 'ಇಲ್ಲ' ಎಂದು ಕಡ್ಡಿ ಮುರಿದ ಹಾಗೆ ಹೇಳುವುದು ಚೆನ್ನಲ್ಲ. ಎಪ್ಪತ್ತರ ಬ್ರಹ್ಮಚಾರಿಯೂ ಬೆಲುಂ ಎನ್ನಬೇಕು. ಸಾಹೇಬರು ಎರಡು ವರ್ಷದಲ್ಲಿ ಕಲಿತ ಭಾಷೆಯಲ್ಲಿ ಉಚ್ಚಾರದ ತಪ್ಪಿಲ್ಲದ ಪದ ಇದೊಂದೇ. ಉತ್ತರ ಕೊಟ್ಟು ಕೋಣೆಯಿಂದ ಹೊರಗೆ ಕಾಲಿಡುತ್ತಾರೆ, ಅದೂ ಸರಿಯಾಗಿ ಆ ತಟ್ಟೆಯ ಮೇಲೆ. ಬಿಸ್ಕತ್ತು ನಾಯಿಯ ಪಾಲು.

ನಿಶ್ಶಬ್ದ ಹುಡುಕಿಕೊಂಡು ಬಂದವರಿಗೆ ಹುಂಜದ ಕಾಟ. ಹುಂಜ ನಸುಕಿಗೆ ಕೂಗುತ್ತದೆ ಎಂದುಕೊಂಡವರು ನಾವು. ಬಾಲಿಯ ಹುಂಜಕ್ಕೆ ಅಂಥ ಕಟ್ಟುಪಾಡಿಲ್ಲ, ಮಧ್ಯಾಹ್ನ ಮೂರಕ್ಕೂ ಕೂಗೀತು. ಅದು ನಿಂತರೆ ದೇವಸ್ಥಾನದ ಗಮೆಲಾನ್ ವಾದ್ಯ. ಅದೂ ನಿಂತು ರಾತ್ರಿಯಾದರೆ ಸೂರಿನಲ್ಲಿ ಟೊಕೆ. ಬೆಕ್ಕಿನಷ್ಟು ಗಂಟಲಿರುವ ಹಲ್ಲಿ ಅದು. ಏಳು ಸಲ ಸತತವಾಗಿ ಕೂಗಿದರೆ ಅದೃಷ್ಟ ಎನ್ನುತ್ತಾರೆ. ಸಾಹೇಬರು ವಾಕ್ಯ ಬಿಟ್ಟು ಬೆರಳು ಮಡಚುತ್ತ ಎಣಿಸುವುದನ್ನು ನಾನೇ ನೋಡಿದ್ದೇನೆ. ಆರಕ್ಕೆ ನಿಂತುಬಿಟ್ಟರೆ ಆ ರಾತ್ರಿಯ ಬರವಣಿಗೆಯೂ ಅಲ್ಲಿಗೇ ನಿಂತಿತು.

ಮಾತಿಗೆ ಸಿಕ್ಕರೆ ಕಾದಂಬರಿಗಾರ್ತಿ ವಿಕಿ ಬಾಮ್ ಕಥೆ ತಪ್ಪದು. ಆಕೆ 1935ರಲ್ಲಿ ಬಾಲಿಗೆ ಬಂದರು, ಇದೇ ಉಬುದ್‌ನಲ್ಲಿ ಮನೆ ಮಾಡಿದ್ದ ವಾಲ್ಟರ್ ಸ್ಪೀಸ್ ಎಂಬ ಚಿತ್ರಕಾರನ ನೆರವು ಪಡೆದರು, 1937ಕ್ಕೆ ಬಾಲಿಯ ಮೇಲೊಂದು ಕಾದಂಬರಿಯನ್ನೇ ಪ್ರಕಟಿಸಿದರು. "ಈ ಮಣ್ಣಿನಲ್ಲೇ ಏನೋ ಇದೆ," ಎನ್ನುತ್ತ ಸಾಹೇಬರು ನೆಲ ನೋಡುತ್ತಿದ್ದರು. ಆಕೆ ವಾಪಸು ಹೊರಟುಹೋದದ್ದೇ ಅದರ ಗುಟ್ಟು ಎಂದು ನನ್ನ ಗುಮಾನಿ. ಬಾಯಿಬಿಟ್ಟು ಹೇಳಲಿಲ್ಲ.

ಆರು ತಿಂಗಳಲ್ಲಿ ಕೊಡುತ್ತೇನೆಂದು ಪ್ರಕಾಶಕರಿಗೆ ಮಾತು ಕೊಟ್ಟಿದ್ದರಂತೆ. ಗಡುವು ಹತ್ತಿರ ಬಂದಾಗ ಬಾಲಿಯ ಪಂಚಾಂಗ ಕೈಗೆ ಸಿಕ್ಕಿತು. ಅದರ ಪ್ರಕಾರ ತಿಂಗಳಿಗೆ 35 ದಿನ, ಆರು ತಿಂಗಳಿಗೆ 210. ಕೂತಲ್ಲೇ ಒಂದು ತಿಂಗಳು ಲಾಭ! ಅವರು ಇಡೀ ಪಂಚಾಂಗದಲ್ಲಿ ಮನಸಾರೆ ಒಪ್ಪಿಕೊಂಡದ್ದು ಇದೊಂದನ್ನೇ.

2022ರ ನವೆಂಬರ್‌ನಲ್ಲಿ ತುಂಪೆಕ್ ಲಂಡೆಪ್ ಬಂತು. ನಮ್ಮ ಆಯುಧಪೂಜೆಯ ತಮ್ಮ ಎನ್ನಿ. ಹಿಂದೆ ಕತ್ತಿ, ಕಠಾರಿಗೆ ಪೂಜೆ. ಈಗ ಸ್ಕೂಟರು, ಕಾರು, ಕಂಪ್ಯೂಟರೂ ಸಾಲಿಗೆ ಸೇರಿವೆ. ಇಬು ಅಂಗಳದಲ್ಲಿ ಸ್ಕೂಟರಿಗೆ ತೀರ್ಥ ಎರಚಿ ಮುಗಿಸಿ ಸಾಹೇಬರ ಲ್ಯಾಪ್‌ಟಾಪಿನ ಮುಂದೆ ನಿಂತರು. ಸ್ವಲ್ಪ ಹೊತ್ತು ಹಾಗೇ ನೋಡಿದರು.

"ಕೆಲಸ ಮಾಡೋ ಸಾಮಾನಿಗೆ ತಾನೇ ಪೂಜೆ," ಎಂದರು ನನ್ನ ಕಡೆ ತಿರುಗಿ.

ಆದರೂ ಎರಚಿದರು. ಅಕ್ಕಿಕಾಳೊಂದು ಕೀಲಿಮಣೆಯ ಸಂದಿಗೆ ಹೋಗಿ ಎಸ್ ಅಕ್ಷರ ಒಂದು ವಾರ ಏಳಲಿಲ್ಲ. ಆ ಒಂದು ವಾರ ಸಾಹೇಬರಷ್ಟು ಸುಖಿ ಬೇರೊಬ್ಬರಿರಲಿಲ್ಲ. ಸಿಕ್ಕಸಿಕ್ಕವರಿಗೆ, "ಎಸ್ ಇಲ್ಲದೆ ಇಂಗ್ಲಿಷಿನಲ್ಲಿ ಹೇಗೆ ಬರೆಯಲಿ, ನೀವೇ ಹೇಳಿ?" ನಾನು ಕನ್ನಡದವನು, ಏನು ಹೇಳಲಿ.

ಇನ್ನು ವೀಸಾ. ಪ್ರವಾಸಿಗೆ 30 ದಿನ, ಅರ್ಜಿ ಹಾಕಿ ದುಡ್ಡು ಕಟ್ಟಿದರೆ ಮತ್ತೆ 30. ಅಷ್ಟಾದ ಮೇಲೆ ದೇಶ ಬಿಟ್ಟು ಸಿಂಗಪುರ ಮುಟ್ಟಿ ಬರಬೇಕು. ಒಂದು ಅಧ್ಯಾಯಕ್ಕೆ ಚೂರು ಕಾವು ಬಂತು ಅನ್ನುವಷ್ಟರಲ್ಲಿ ಅರವತ್ತನೆಯ ದಿನ ಬಂದಿರುತ್ತದೆ. ಚೀಲ ಹಿಡಿದು ಹೊರಟರೆ ದಾರಿಯುದ್ದಕ್ಕೂ "ಮಾವು ಕೆ ಮಾನಾ?" ಎಲ್ಲಿಗೆ ಹೊರಟಿರಿ? ಹೊರಟವರನ್ನು ಹಾಗೆ ಕೇಳಿದರೆ ನಮ್ಮಜ್ಜಿ ಒಳಗೆ ಕರೆದು ನೀರು ಕುಡಿಸಿ ಮತ್ತೆ ಕಳಿಸುತ್ತಿದ್ದಳು. ಅಲ್ಲಿ ಅದೇ ನಮಸ್ಕಾರ. 'ಜಲನ್-ಜಲನ್', ಹೀಗೇ ಸುತ್ತಾಡಲು, ಎಂದರೆ ಮುಗಿಯಿತು. ಸಾಹೇಬರು ಮಾತ್ರ ನಿಂತು ವೀಸಾ ನಿಯಮ ವಿವರಿಸುತ್ತಿದ್ದರು.

2023ರಲ್ಲಿ ಬಾಲಿಯ ಹೊಸವರ್ಷ ನ್ಯೆಪಿ ಮಾರ್ಚ್ 22ಕ್ಕೆ ಬಂತು. ಅದೇ ದಿನ ನಮಗೆ ಯುಗಾದಿ. ಇಬ್ಬರಿಗೂ ಶಕವರ್ಷ 1945. ನಮ್ಮಲ್ಲಿ ಹೋಳಿಗೆ, ಅವರಲ್ಲಿ ಮೌನ. ಹಿಂದಿನ ರಾತ್ರಿ ಬೀದಿ ತುಂಬ ಒಗೊಒಗೊ ಎಂಬ ದೈತ್ಯ ಬೊಂಬೆಗಳು, ತಮಟೆ, ಕಿರುಚಾಟ. ಬೆಳಿಗ್ಗೆ ಆರರಿಂದ ಇಪ್ಪತ್ತನಾಲ್ಕು ಗಂಟೆ ದೀಪವಿಲ್ಲ, ಒಲೆಯಿಲ್ಲ, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ವಿಮಾನ ನಿಲ್ದಾಣವೇ ಬಂದ್, ಮೊಬೈಲ್ ಇಂಟರ್ನೆಟ್ಟೂ ಬಂದ್. ಹುಂಜ ಒಂದು ಸಲ ಕೂಗಿ, ಗಾಬರಿಯಾದಂತೆ ಅರ್ಧಕ್ಕೇ ನಿಲ್ಲಿಸಿತು.

ಅಕ್ಕ ಊರಿಂದ ಕಟ್ಟಿಕೊಟ್ಟಿದ್ದ ಒಣಗಿದ ಬೇವಿನ ಹೂವಿಗೆ ಅಲ್ಲಿಯ ತಾಳೆಬೆಲ್ಲ ಬೆರೆಸಿ ಸಾಹೇಬರಿಗೂ ಒಂದು ಚಿಟಿಕೆ ಕೊಟ್ಟೆ. ಬಾಯಿಗೆ ಹಾಕಿಕೊಂಡರು. ಮುಖ ಹುಳ್ಳಗಾಯಿತು, ಅರಳಿತು, ಮತ್ತೆ ಹುಳ್ಳಗಾಯಿತು. ಸುತ್ತಲ ನಿಶ್ಶಬ್ದವನ್ನು ಒಂದು ಕ್ಷಣ ಆಲಿಸಿದರು. ಆಮೇಲೆ ಒಮ್ಮೆಗೇ ಎದ್ದು ನೋಟ್‌ಬುಕ್ಕು ತಂದು, ಜಗಲಿಯಲ್ಲಿ ಕೂತು, ಪೆನ್ನಿನ ಮುಚ್ಚಳ ತೆಗೆದರು. ಎರಡು ವರ್ಷದಲ್ಲಿ ಆ ಮುಖದಲ್ಲಿ ಅಂಥ ಕಳೆಯನ್ನು ಯಾರೂ ಕಂಡಿರಲಾರರು. ಪೆನ್ನು ಕಾಗದ ಮುಟ್ಟಿತು.

ಇಬು ಬರಿಗಾಲಲ್ಲಿ ಸದ್ದಿಲ್ಲದೆ ಬಂದು, ಬಗ್ಗಿ, ಕಿವಿಯಲ್ಲಿ ಪಿಸುಗುಟ್ಟಿದರು: "ಪಾಕ್, ಬೇಡ. ನ್ಯೆಪಿ ದಿನ ಕೆಲಸ ಮಾಡಬಾರದು."

ಮರುದಿನ ಬೆಳಿಗ್ಗೆ ಹುಂಜ ಬಾಕಿಯನ್ನೆಲ್ಲ ಸೇರಿಸಿ ಕೂಗುತ್ತಿತ್ತು. ಹೊರಗೆ ಬಂದೆ. ಸಾಹೇಬರು ಚೀಲ ಹಿಡಿದು ಗೇಟಿನ ಬಳಿ ಟ್ಯಾಕ್ಸಿ ಕಾಯುತ್ತಿದ್ದರು. ಅರವತ್ತನೆಯ ದಿನ.

"ಮಾವು ಕೆ ಮಾನಾ?" ಎಂದರು ಇಬು.

"ಜಲನ್-ಜಲನ್," ಎಂದರು ಸಾಹೇಬರು.