ಕುಬೇರನ ದಿಕ್ಕು

(ಜಯನಗರ. ರಾತ್ರಿ ಹನ್ನೊಂದೂವರೆ. ಊರವರ ಮನೆಗೆ ನಕ್ಷೆ ಬರೆಯುವ ಮೊಮ್ಮಗಳು ತನ್ನ ಮನೆಗೆ ಬಂದಳು; ಅಪರೂಪವೇ.)

ಅಜ್ಜಿ: ಇಷ್ಟೊತ್ತೇನೇ?

ಮೊಮ್ಮಗಳು: ಕ್ಲೈಂಟ್‌ಗೆ ಮೂರು ಬಾಲ್ಕನಿ ಬೇಕಂತಜ್ಜಿ, ಸಂಜೆ ಗಾಳಿಗೆ ಕೂರೋಕೆ.

ಅಜ್ಜಿ: ಸಂಜೆ ಹೇಗಿರುತ್ತೆ ಅಂತ ನಿನಗ್ಯಾರು ಹೇಳಿದ್ರು?

ಮೊಮ್ಮಗಳು: ಸಾಫ್ಟ್‌ವೇರಲ್ಲಿ ಬರುತ್ತೆ.

ಅಜ್ಜಿ: 1961ರ ಅಂಗಡಿ-ವಾಣಿಜ್ಯ ಸಂಸ್ಥೆಗಳ ಕಾಯ್ದೇಲಿ ದಿನಕ್ಕೆ 9 ಗಂಟೆ ಕೆಲಸ, ಮೀರಿದ್ರೆ ದುಪ್ಪಟ್ಟು ಕೂಲಿ. ನಿಮ್ಮ ತಾತ ಅಂಗಡಿ ಗೋಡೆಗೇ ಅಂಟಿಸಿದ್ರು.

ಮೊಮ್ಮಗಳು: ನಮ್ಮಾಫೀಸಲ್ಲಿ ಗೋಡೇನೇ ಇಲ್ಲ. ಓಪನ್ ಪ್ಲಾನ್. ನಾವೆಲ್ಲ ಒಂದೇ ಕುಟುಂಬ ಅಂತಾರೆ ಸರ್.

ಅಜ್ಜಿ: ಹಾಗೋ! ನಾನೂ ಕುಟುಂಬದಲ್ಲೇ ದುಡಿದವಳು. ಸಂಬಳ ಇಲ್ಲ ಅಂತ ಬಿಡಿಸಿ ಹೇಳೋದಲ್ವೇ?

ಮೊಮ್ಮಗಳು: ಸರ್ ಉತ್ತರಕ್ಕೇ ಮುಖ ಮಾಡಿ ಕೂರೋದು. ಕುಬೇರನ ದಿಕ್ಕು.

ಅಜ್ಜಿ: ದುಡ್ಡು ಕೇಳಿದ್ರೆ?

ಮೊಮ್ಮಗಳು: ಉತ್ತರವಿಲ್ಲ. ಭಾನುವಾರ ಮಾತಾಡೋಣ ಅಂದಿದ್ದಾರೆ, ಹೇಗೂ ಬರ್ತೀವಲ್ಲ.