ಟೇಪಿನ ಆ ತುದಿಯವರಿಗೆ ಒಂದು ಬಹಿರಂಗ ಪತ್ರ

ಕಲ್ಲುಗಣಿ ಧಣಿಗಳ ಸನ್ನಿಧಾನಕ್ಕೆ,

ದಿಲ್ಲಿಯ ಜನಕಪುರಿಯ ಸಿ ಬ್ಲಾಕಿನಿಂದ ಕನ್ನಡಿಗನೊಬ್ಬನ ಅನಂತ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಕೆಮ್ಮೊಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ತಾವೂ, ತಮ್ಮ ಕ್ರಷರುಗಳೂ, ಲೆಕ್ಕಕ್ಕೆ ಸಿಗುವ ಮತ್ತು ಸಿಗದ ಟಿಪ್ಪರುಗಳೂ ಕ್ಷೇಮವೆಂದು ನಂಬಿದ್ದೇನೆ.

ಒಳ್ಳೆಯ ನೆರೆಹೊರೆಯವರು ಅನ್ನಿಸಿಕೊಳ್ಳುವುದು ಹೇಗೆಂದು ತಾವು ಈಚೆಗೆ ಬಹಳ ಯೋಚಿಸುತ್ತಿದ್ದೀರಂತೆ. ಊರ ಶಾಲೆಗೆ ಬಣ್ಣ ಹೊಡೆಸುತ್ತೀರಂತೆ, ಜಾತ್ರೆಗೆ ಶಾಮಿಯಾನ ಹಾಕಿಸುತ್ತೀರಂತೆ, ಪರಿಸರ ದಿನದಂದು ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತೀರಂತೆ. ಇಷ್ಟೆಲ್ಲ ಯಾಕೆ ಸ್ವಾಮಿ? ತಮ್ಮಷ್ಟು ಕೈಬಿಚ್ಚಿ ಕೊಡುವ ನೆರೆಯವರು ಬೇರೆ ಯಾರಿದ್ದಾರೆ? ನಮ್ಮ ಎದುರು ಮನೆಯವರು ಕೇಳಿದರೆ ಒಂದು ಲೋಟ ಸಕ್ಕರೆ ಕೊಟ್ಟಾರು. ತಾವು ಯಾರೂ ಕೇಳದೆಯೇ, ಮೂವತ್ತು ಕಿಲೋಮೀಟರ್ ಆಚೆಯಿಂದ, ಬೆಟ್ಟವನ್ನೇ ಪುಡಿ ಮಾಡಿ ಗಾಳಿಯ ಕೈಲಿ ಕಳಿಸುತ್ತೀರಿ. ಬಾಲ್ಕನಿಯ ತುಲಸಿ ಎಲೆಯ ಮೇಲೆ ಬೆರಳಾಡಿಸಿದರೆ ಅರಾವಳಿ ಸಿಗುತ್ತದೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಿದ್ದರು ಹಿರಿಯರು. ಇಷ್ಟು ನುಣ್ಣಗಾಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

ನಮ್ಮ ಬಡಾವಣೆಗೂ ತಮ್ಮ ಕಸುಬಿಗೂ ಹಳೆಯ ನಂಟು. ಜನಕರಾಜನೂ ನೆಲ ಅಗೆದವನೇ. ತಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ಆತನನ್ನು ಮೂಲಪುರುಷನೆಂದು ಹಾಕಿಕೊಳ್ಳಲು ನಮ್ಮದೇನೂ ಅಡ್ಡಿಯಿಲ್ಲ. ಆತನ ಕೈಯಲ್ಲಿದ್ದದ್ದು ನೇಗಿಲು, ಸಿಕ್ಕಿದ್ದು ಮಗಳು. ತಮ್ಮ ಕೈಯಲ್ಲಿರುವುದು ಜಿಲೆಟಿನ್, ಸಿಗುವುದು ಜಲ್ಲಿ. ಅಷ್ಟೇ ವ್ಯತ್ಯಾಸ.

ಎಪ್ಪತ್ತರ ದಶಕದಲ್ಲಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) ಕಟ್ಟಿ ಬೆಳೆಸಿದ ಈ ಬಡಾವಣೆಯಲ್ಲಿ ಈಗ ಹಳೆಯ ಮನೆಗಳೆಲ್ಲ ಬೀಳುತ್ತಿವೆ, ಅವುಗಳ ಜಾಗದಲ್ಲಿ ಬಿಲ್ಡರ್ ಫ್ಲೋರುಗಳು ಏಳುತ್ತಿವೆ. ನಮ್ಮ ಪಕ್ಕದ ಪ್ಲಾಟಿನಲ್ಲೂ ಒಂದು ಏಳುತ್ತಿದೆ. ಹಗಲು ಭಾರಿ ಲಾರಿಗಳಿಗೆ ನಗರದೊಳಗೆ ಪ್ರವೇಶವಿಲ್ಲವಾದ್ದರಿಂದ ತಮ್ಮ ಪ್ರಸಾದ ಬರುವುದು ನಡುರಾತ್ರಿ ದಾಟಿದ ಮೇಲೆ. ಚೌಕಿದಾರ ಟಾರ್ಚ್ ಹಿಡಿದು ‘ಆನೇ ದೋ, ಆನೇ ದೋ’ ಎಂದು ಕೂಗುತ್ತ ಡಂಪರನ್ನು ಹಿಂದಕ್ಕೆ ಕರೆತರುತ್ತಾನೆ. ನಂಬರ್ ಪ್ಲೇಟಿಗೆ ಗ್ರೀಸು, ಗ್ರೀಸಿನ ಮೇಲೆ ಧೂಳು. ಅಂಕಿಗಳಲ್ಲಿ ಕೊನೆಯದೊಂದು ಮಾತ್ರ ಅರ್ಧ ಕಾಣುತ್ತದೆ. ತಾಡಪಾಲು ಇಲ್ಲವೆಂದು ಯಾರೂ ಆಡಿಕೊಳ್ಳುವಂತಿಲ್ಲ. ಇದೆ, ಅಚ್ಚುಕಟ್ಟಾಗಿ ಮಡಿಸಿ ಕ್ಯಾಬಿನ್ನಿನ ನೆತ್ತಿಗೆ ಹಗ್ಗದಲ್ಲಿ ಬಿಗಿದಿದೆ. ಹಿಂಬದಿ ಹಲಗೆ ಕಳಚಿ ರೋಡಿ ಸುರಿದಾಗ (ಇಲ್ಲಿನ ಮೇಸ್ತ್ರಿಗಳ ಬಾಯಲ್ಲಿ ಜಲ್ಲಿ ಎಂದರೆ ರೋಡಿ) ಕಿಟಕಿ ಗಾಜು ಝಣಝಣಿಸುತ್ತದೆ, ಕೆಳಗಿನ ಮನೆಯ ಪಂಜಾಬಿ ಅಜ್ಜಿ ಎದ್ದು ಕೂತು ‘ವಾಹೆಗುರು’ ಅನ್ನುತ್ತಾರೆ. ಬೆಳಗ್ಗೆ ಅರ್ಧ ರಸ್ತೆ ಬೆಟ್ಟವಾಗಿರುತ್ತದೆ. ಬೆಟ್ಟಕ್ಕೆ ಹಸಿರು ಪರದೆ ಹೊದಿಸಿರುತ್ತಾರೆ. ಹಸಿರೀಕರಣ ಅಂದರೆ ಇದೇ ಇರಬೇಕು.

ಇರಲಿ, ವಿಷಯಕ್ಕೆ ಬರುತ್ತೇನೆ. ತಮ್ಮ ಉಪಕರಣಗಳಲ್ಲೆಲ್ಲ ನನಗೆ ಬಹಳ ಮೆಚ್ಚಿಗೆಯಾದದ್ದು ಕಂಪ್ರೆಸರ್ ಅಲ್ಲ, ಹಿಟಾಚಿಯೂ ಅಲ್ಲ, ಅಳತೆಯ ಟೇಪು. ನೆರೆಯವನಾರು, ಯಾರಲ್ಲ ಎಂಬುದನ್ನು ಅದರಷ್ಟು ಸಲೀಸಾಗಿ ತೀರ್ಮಾನಿಸುವ ಯಂತ್ರ ಲೋಕದಲ್ಲಿಲ್ಲ. ಸಿಡಿಮದ್ದು ಇಟ್ಟು ಬಂಡೆ ಒಡೆಯುವುದಾದರೆ ಜನವಸತಿಯಿಂದ 200 ಮೀಟರ್, ಇಡದೆ ಒಡೆಯುವುದಾದರೆ 100 ಮೀಟರ್ ದೂರವಿರಲಿ ಎಂದದ್ದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ನಮ್ಮ ಕಾಸರಗೋಡಿನವರಿಗೆ ಅಷ್ಟೂ ದಕ್ಕಿರಲಿಲ್ಲ. ಕೇರಳ ಸರ್ಕಾರ 2017ರಲ್ಲಿ ಇದ್ದ 100 ಮೀಟರನ್ನೂ 50ಕ್ಕೆ ಇಳಿಸಿತು. ಒಂದು ಆದೇಶಕ್ಕೆ, ಅರವತ್ತು ಎಪ್ಪತ್ತು ಮೀಟರಿನಲ್ಲಿದ್ದ ಮನೆಗಳೆಲ್ಲ ರಾತ್ರೋರಾತ್ರಿ ದೂರದ ನೆಂಟರಾದವು. ಆದೇಶ ಓದಲು ಬಾರದ ಗೋಡೆಗಳು ಮಾತ್ರ ಬಿರುಕು ಬಿಡುವುದನ್ನು ನಿಲ್ಲಿಸಲಿಲ್ಲ. 2020ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮತ್ತೆ 200 ಮೀಟರ್ ಎಂದಿತು, ಜಗಳ ಮೇಲಿನ ಕೋರ್ಟುಗಳನ್ನು ಹತ್ತಿತು.

ಅದೇ ಟೇಪನ್ನು ಮಂಡ್ಯ ಜಿಲ್ಲೆಗೆ ಒಯ್ದು ನೋಡಿ. ಬೇಬಿ ಬೆಟ್ಟದ ಸ್ಫೋಟಗಳಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವಿದೆಯೋ ಇಲ್ಲವೋ ಎಂದು 2021ರಲ್ಲಿ ನಮ್ಮ ರಾಜಕಾರಣಿಗಳು ವಾರಗಟ್ಟಲೆ ಬೈದಾಡಿಕೊಂಡರು. ಕೊನೆಗೆ 2024ರ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದು ಎಂದಿತು. ಅತ್ಯಂತ ಸರಿಯಾದ ಮಾತು. ವಿಶ್ವೇಶ್ವರಯ್ಯನವರ ಕಟ್ಟೆಗೇ ಅಷ್ಟು ಜೋಪಾನ ಬೇಕಾದರೆ, ಗ್ರಾಮ ಪಂಚಾಯಿತಿಯ ಆಶ್ರಯ ಮನೆಗೆ ಬೇಡವೇ ಎಂದು ತಾವು ಕೇಳಬಾರದು, ನಾನೂ ಕೇಳುವುದಿಲ್ಲ. ಕಟ್ಟೆಯಾಗಿ ಹುಟ್ಟಿದರೆ 20 ಕಿಲೋಮೀಟರ್, ಮನೆಯಾಗಿ ಹುಟ್ಟಿದರೆ 200 ಮೀಟರ್. ಎಲ್ಲ ಪಡೆದು ಬಂದದ್ದು.

ಟೇಪನ್ನು ಅಡ್ಡ ಹಿಡಿದರೆ ಮನೆಗಳು ಮಾಯವಾಗುತ್ತವೆ. ನೆಟ್ಟಗೆ ಹಿಡಿದರೆ? ಇದನ್ನು 2025ರ ನವೆಂಬರ್ 20ರಂದು ಕಂಡೆವು. ಸುತ್ತಲಿನ ನೆಲದಿಂದ 100 ಮೀಟರ್ ಎತ್ತರವಿದ್ದರೆ ಮಾತ್ರ ಅರಾವಳಿಯ ಬೆಟ್ಟ, ಅಂಥ ಎರಡು 500 ಮೀಟರ್ ಒಳಗಿದ್ದರೆ ಶ್ರೇಣಿ ಎಂಬ ಸಮಿತಿಯ ವ್ಯಾಖ್ಯೆಯನ್ನು ಸುಪ್ರೀಂ ಕೋರ್ಟು ಅಂದು ಒಪ್ಪಿಕೊಂಡಿತು. ಪೊಲೀಸ್ ಭರ್ತಿಯ ಸಾಲಿನಲ್ಲಿ ನಿಂತ ಹುಡುಗರ ಹಾಗೆ ಕೋಟಿಗಟ್ಟಲೆ ವರ್ಷ ವಯಸ್ಸಿನ ಗುಡ್ಡಗಳು ಎದೆಯುಬ್ಬಿಸಿ, ಹಿಮ್ಮಡಿ ಎತ್ತಿ ನಿಂತವು. 99 ಮೀಟರಿನವು ಫೇಲ್. 104 ಮೀಟರಿನ ಬೆಟ್ಟದ ನೆತ್ತಿಯಲ್ಲಿ ಐದು ಮೀಟರ್ ಕ್ಷೌರ ಮಾಡಿದರೆ ಅದೂ ಫೇಲ್ ಆದೀತೇ ಎಂದು ತಮ್ಮಲ್ಲಿ ಯಾರಾದರೂ ವಕೀಲರನ್ನು ಕೇಳಿದ್ದರೋ ಏನೋ. ಜನ ಬೀದಿಗಿಳಿದರು, ಡಿಸೆಂಬರ್ 29ರಂದು ಕೋರ್ಟು ತನ್ನ ಆದೇಶವನ್ನು ತಾನೇ ತಡೆಹಿಡಿಯಿತು. ಗುಡ್ಡಗಳು ಹಿಮ್ಮಡಿ ಇಳಿಸಿದವು.

ವ್ಯಾಖ್ಯೆಯ ಸಹಾಯವಿಲ್ಲದೆಯೂ ತಾವು ಸಾಧಿಸಿದ್ದು ಕಡಿಮೆಯೇನಲ್ಲ. 2018ರ ಅಕ್ಟೋಬರಿನಲ್ಲಿ ರಾಜಸ್ಥಾನದ ಅರಾವಳಿಯಲ್ಲಿ ಪರಿಶೀಲಿಸಿದ 128 ಗುಡ್ಡಗಳಲ್ಲಿ 31 ಕಾಣೆಯಾಗಿವೆ ಎಂಬ ವರದಿ ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಮೂರ್ತಿ ಮದನ್ ಲೋಕೂರ್ ದಂಗಾದರು. ಜನ ಏನು ಹನುಮಂತರಾಗಿಬಿಟ್ಟರೇ, ಬೆಟ್ಟ ಹೊತ್ತು ಓಡಲಿಕ್ಕೆ, ಎಂಬರ್ಥದ ಮಾತು ಕೇಳಿದರು. ಹನುಮಂತನ ಪರವಾಗಿ ಒಂದು ಮಾತು ಹೇಳಬೇಕು: ಆತ ಒಂದೇ ಬೆಟ್ಟ ಎತ್ತಿದ, ಅದೂ ಮೂರ್ಛೆ ಹೋದವನನ್ನು ಎಬ್ಬಿಸಲು. ನಾವು ಇಲ್ಲಿ ಬೆಟ್ಟ ಅಗೆದು ಇಲಿ ಹಿಡಿಯುವ ಸಮಿತಿಗಳನ್ನೇ ನೋಡಿ ಬೆಳೆದವರು. ಬೆಟ್ಟ ಅಗೆದು ಫಾರ್ಚೂನರ್ ಹಿಡಿದವರನ್ನು ಕಂಡರೆ ಸಹಜವಾಗಿಯೇ ಗೌರವ ಮೂಡುತ್ತದೆ.

ಪತ್ರ ಬರೆದು ಏನಾಗುತ್ತದೆ ಎಂದು ನಗಬೇಡಿ. ಫರಿದಾಬಾದಿನ ಕಲ್ಲುಗಣಿಗಳಲ್ಲಿ ಜೀತಕ್ಕಿದ್ದವರ ಬಗ್ಗೆ ಬಂಧುವಾ ಮುಕ್ತಿ ಮೋರ್ಚಾ 1982ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಬರೆದದ್ದೂ ಒಂದು ಪತ್ರವೇ. ಸುಪ್ರೀಂ ಕೋರ್ಟು ಅದನ್ನೇ ರಿಟ್ ಅರ್ಜಿ ಎಂದು ತೆಗೆದುಕೊಂಡು 1983ರ ಡಿಸೆಂಬರ್ 16ರಂದು ತೀರ್ಪು ಕೊಟ್ಟಿತು. ಅದರಲ್ಲಿ ಸಂವಿಧಾನದ ದೊಡ್ಡ ದೊಡ್ಡ ಮಾತುಗಳ ನಡುವೆ ನನ್ನ ಮನಸ್ಸು ನಿಂತದ್ದು ಒಂದು ಡ್ರಮ್ಮಿನ ಮೇಲೆ. ಕ್ರಷರಿನ ಮೇಲೆ ನೀರಿನ ಡ್ರಮ್ ಇಟ್ಟು ಸದಾ ನೀರು ಚಿಮುಕಿಸುವ ವ್ಯವಸ್ಥೆ ಮಾಡಿ, ಇಲ್ಲವೇ ಧೂಳು ಹೀರುವ ಯಂತ್ರ ಹಾಕಿಸಿ ಎಂದು ದೇಶದ ಪರಮೋಚ್ಚ ನ್ಯಾಯಾಲಯ ಕೂತು ಬರೆಯಿಸಿತು. ಒಂದು ಡ್ರಮ್ಮು, ಒಂದು ಪೈಪು, ಒಂದು ನಲ್ಲಿ. ದಿಲ್ಲಿಯ ಲಾಲ್ ಕುಆಂನ ಕ್ರಷರುಗಳಲ್ಲಿ ಕೂಲಿ ಮಾಡಿದವರು ಅಷ್ಟು ನೀರಿಗೆ ಗತಿಯಿಲ್ಲದೆ ಕಲ್ಲುಪುಡಿ ಉಸಿರಾಡಿದರು. ಸಿಲಿಕೋಸಿಸ್ ಅಂಟಿಸಿಕೊಂಡು, ಟಿಬಿ ಮಾತ್ರೆ ನುಂಗುತ್ತ ಸತ್ತವರು ಅವರಲ್ಲಿದ್ದಾರೆ. 1992ರ ಮೇ ತಿಂಗಳಲ್ಲಿ ಅದೇ ಕೋರ್ಟು ಲಾಲ್ ಕುಆಂ, ಆನಂದ್ ಪರ್ಬತ್, ರಾಜೋಕ್ರಿ ಮೊದಲಾದ ಕಡೆಯ ಕ್ರಷರುಗಳು ಆಗಸ್ಟ್ 15ರಿಂದ ನಿಲ್ಲಬೇಕೆಂದಿತು. ದಿಲ್ಲಿಗೆ ಅಂದು ಧೂಳಿನಿಂದ ಸ್ವಾತಂತ್ರ್ಯ. ಕ್ರಷರುಗಳಿಗೆ ಗಡಿಯಾಚೆ ಹರಿಯಾಣದ ಪಾಲಿ ಗ್ರಾಮದಲ್ಲಿ ಜಾಗ ಗೊತ್ತಾಯಿತು. ಪಾಲಿಯವರಿಗೂ ಶ್ವಾಸಕೋಶವಿದೆ ಎಂಬ ಸಂಗತಿ ಆಗ ಯಾರಿಗೂ ಹೊಳೆದಂತಿಲ್ಲ. ರಾಜಧಾನಿಯವರಾದ ನಾವೂ ಟೇಪು ಹಿಡಿಯುವುದರಲ್ಲಿ ತಮಗಿಂತ ಕಡಿಮೆಯೇನಲ್ಲ, ನೋಡಿ.

ಆಮೇಲೆ ಅರಾವಳಿಯ ಗಣಿಗಾರಿಕೆಗೆ ಅದೇ ಕೋರ್ಟಿನಿಂದ 2002ರಲ್ಲಿ ಒಂದು ನಿಷೇಧ, 2009ರ ಮೇ ತಿಂಗಳಲ್ಲಿ ಫರಿದಾಬಾದ್, ಗುರುಗ್ರಾಮ, ಮೇವಾತ್ ಮೂರಕ್ಕೂ ಸೇರಿ ಇನ್ನೊಂದು. ನಿಷೇಧ ಬಂದ ಮೇಲೆ ತಮ್ಮವರು ಬಿಟ್ಟುಹೋದ ಗುಂಡಿಗಳಲ್ಲಿ ನೀಲಿ ನೀರು ನಿಂತಿತು. ಬೇಸಗೆಯಲ್ಲಿ ಬೈಕು ಹತ್ತಿ ಅಲ್ಲಿಗೆ ಈಜಲು ಹೋದ ಹುಡುಗರಲ್ಲಿ ಕೆಲವರು ಬೈಕು ಹತ್ತಿ ವಾಪಸಾಗಲಿಲ್ಲ. ಒಂದು ಬೇಲಿಯ ಖರ್ಚು ಉಳಿಯಿತು. ಇನ್ನು ನಿಷೇಧವನ್ನು ಗಂಭೀರವಾಗಿ ತೆಗೆದುಕೊಂಡ ಅಧಿಕಾರಿಯ ಗತಿ: 2022ರ ಜುಲೈ 19ರಂದು ನೂಹ್ ಜಿಲ್ಲೆಯ ತಾವಡು ಬಳಿ ಅಕ್ರಮ ಗಣಿಗಾರಿಕೆ ತಡೆಯಲು ಹೋದ ಡಿಎಸ್‌ಪಿ ಸುರೇಂದರ್ ಸಿಂಗ್ ಕೈ ಅಡ್ಡ ಮಾಡಿ ಡಂಪರ್ ನಿಲ್ಲಿಸಲು ಹೊರಟರು. ಡಂಪರ್ ನಿಲ್ಲಲಿಲ್ಲ. ನಿವೃತ್ತಿಗೆ ಕೆಲವೇ ತಿಂಗಳಿತ್ತು ಅವರಿಗೆ. ಇಲ್ಲಿ ವಿಡಂಬನೆ ಮಾಡಲು ನನಗೆ ಬರುವುದಿಲ್ಲ, ಮುಂದೆ ಹೋಗುತ್ತೇನೆ.

ತವರಿನ ಧಣಿಗಳು ‘ಅದೆಲ್ಲ ಹಿಂದಿಯವರ ಕಥೆ’ ಎಂದು ಕಾಲ ಮೇಲೆ ಕಾಲು ಹಾಕಿ ಕೂರಬೇಡಿ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ನೆಂಟರು ಫೋನ್ ಮಾಡಿ ‘ಭೂಕಂಪ ಆಯ್ತು ಮಾರಾಯ್ರೆ, ಮಕ್ಕಳನ್ನ ಎತ್ಕಂಡು ಅಂಗಳಕ್ಕೆ ಬಂದು ನಿಂತಿದೀವಿ’ ಅಂದರು. ಪಕ್ಕದ ಜಿಲ್ಲೆಗಳವರೂ ಹಾಗೆಯೇ ಅಂದುಕೊಂಡಿದ್ದರು. ಅದು ಭೂಕಂಪವಲ್ಲ, ಹುಣಸೋಡಿನ ಕ್ರಷರ್ ಬಳಿ ಲಾರಿ ತುಂಬಾ ಇದ್ದ ಸ್ಫೋಟಕ ಎಂದು ಆಮೇಲೆ ತಿಳಿಯಿತು. ಸತ್ತವರು ಆರು ಮಂದಿ. ಅಲ್ಲಿಗೆ ಪಾಠವಾಯಿತು ಅಂದುಕೊಳ್ಳುವಷ್ಟರಲ್ಲಿ, ಫೆಬ್ರುವರಿ 23ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಮತ್ತೆ ಜಿಲೆಟಿನ್, ಮತ್ತೆ ಆರು ಮಂದಿ. ಜನವರಿಯ ಆ ರಾತ್ರಿ ಶಿವಮೊಗ್ಗದಲ್ಲಿ ಅಂಗಳಕ್ಕೆ ಬಂದು ನಿಂತವರ ಮುಂದೆ ಯಾರೂ ಟೇಪು ಹಿಡಿಯಲಿಲ್ಲ. ಹಿಡಿದಿದ್ದರೆ ಅವರ್ಯಾರೂ ತಮ್ಮ ನೆರೆಯವರಲ್ಲವೆಂದು ಸಿದ್ಧವಾಗುತ್ತಿತ್ತು.

ಹಾಗಂತ ಕಲ್ಲೇ ಬೇಡ ಎನ್ನಲು ನನಗೆ ಬಾಯಿಲ್ಲ. ನಮ್ಮ ಮನೆಯಲ್ಲಿ ದೋಸೆ ಹಿಟ್ಟು ಚೆಲ್ಲಿ ಬೈಸಿಕೊಳ್ಳುವ ಅಡುಗೆಕಟ್ಟೆ ಚಾಮರಾಜನಗರದ ಕರಿಕಲ್ಲು. ಮೆಟ್ರೊ ಕಂಬದಲ್ಲೂ ಜಲ್ಲಿಯಿದೆ, ನಾನು ವಾಕಿಂಗ್ ಹೋಗುವ ಕಾಲುದಾರಿಯಲ್ಲೂ ಇದೆ. ಚಳಿಗಾಲದಲ್ಲಿ ಗಾಳಿ ತೀರಾ ಕೆಟ್ಟು ಗ್ರ್ಯಾಪ್ ಎಂಬ ಮಾಲಿನ್ಯ ನಿರ್ಬಂಧಗಳ ಮೂರನೇ ಹಂತ ಬಂದಾಗ ದಿಲ್ಲಿ ಸುತ್ತಿನ ಎನ್‌ಸಿಆರ್ ಪೂರ್ತಿ ತಮ್ಮ ಗಣಿ, ಕ್ರಷರುಗಳಿಗೆ ಬೀಗ ಬೀಳುತ್ತದೆ. ಆಗ ಪಕ್ಕದ ಬಿಲ್ಡರ್ ಗೊಣಗುತ್ತಾನೆ, ಮುಂಗಡ ಕೊಟ್ಟವರು ಅವನ ಮೇಲೆ ರೇಗುತ್ತಾರೆ. ಆ ಕೆಲವೇ ದಿನ ನಾವು ನೀವು ಒಂದೇ ಪಕ್ಷ.

ಆದ್ದರಿಂದ ಶಾಲೆಗೆ ಬಣ್ಣ, ಜಾತ್ರೆಗೆ ಶಾಮಿಯಾನ ಎಲ್ಲ ಬಿಟ್ಟು ನನ್ನದೊಂದು ಸಣ್ಣ ಅರಿಕೆ ಕೇಳಬೇಕು. ನಿಯಮದಲ್ಲಿ ಒಂದಕ್ಷರ ಬದಲಾಗುವುದು ಬೇಡ. 200 ಮೀಟರ್ ಇದೆಯಲ್ಲ, ಅಲ್ಲಿ, ಟೇಪು ಮುಗಿಯುವ ಜಾಗದಲ್ಲಿ, ತಾವೇ ಒಂದು ಮನೆ ಮಾಡಿಕೊಂಡು ಸಂಸಾರ ಸಮೇತ ವಾಸವಿರಬೇಕು. ಮಲಗುವ ಕೋಣೆಯ ಕಿಟಕಿ ಗಣಿಯ ಕಡೆಗೇ ಇರಲಿ. ಕುಡಿಯುವ ನೀರು ಊರಿನ ಬೋರ್‌ವೆಲ್ಲಿನದೇ ಆಗಲಿ. ಮೊಮ್ಮಗ ಟಿಪ್ಪರ್ ಓಡಾಡುವ ರಸ್ತೆಯಲ್ಲೇ ಸೈಕಲ್ ತುಳಿದು, ತಾವು ಬಣ್ಣ ಹೊಡೆಸಿದ ಶಾಲೆಗೇ ಹೋಗಲಿ.

ಇಷ್ಟಾದರೆ ನಾವು ಬೇರೇನೂ ಕೇಳುವುದಿಲ್ಲ. ಸೋಮವಾರ ಗೃಹಪ್ರವೇಶವಾದರೆ ಮಂಗಳವಾರ ಕ್ರಷರಿನ ಮೇಲೆ ಡ್ರಮ್ಮು ಏರುತ್ತದೆ. ಒಣ ಡ್ರಿಲ್ಲಿಂಗ್ ನಿಂತು ನೀರು ಬಿಟ್ಟು ಕೊರೆಯುವುದು ಶುರುವಾಗುತ್ತದೆ. ಸಿಡಿಸುವ ಹೊತ್ತು ಯಾವುದೆಂದು ಹಿಂದಿನ ದಿನವೇ ಊರ ಬೋರ್ಡಿನಲ್ಲಿ ಬರೆಯುತ್ತಾರೆ, ಸೈರನ್ ಕೂಗಿದ ಮೇಲೆಯೇ ಬತ್ತಿಗೆ ಕಿಡಿ. ಯಜಮಾನತಿಯವರು ಸೀರೆ ಒಣಹಾಕಿದ ಮೇಲಂತೂ ತಾಡಪಾಲು ಕ್ಯಾಬಿನ್ ನೆತ್ತಿಯಿಂದ ತಾನಾಗಿ ಇಳಿದು ಜಲ್ಲಿಯ ಮೇಲೆ ಹಾಸಿಕೊಳ್ಳುತ್ತದೆ. ತಪಾಸಣೆಗೆ ಅಧಿಕಾರಿ ಬರಲಿಲ್ಲವೆಂದು ತಾವೇ ದೂರು ಕೊಡುತ್ತೀರಿ.

ಸೆಕ್ರೆಟೇರಿಯಟ್ಟಿನಲ್ಲಿ ಗುಮಾಸ್ತಗಿರಿ ಮಾಡಿ ನಿವೃತ್ತನಾದವನಾದ್ದರಿಂದ ಅರ್ಜಿ ನಮೂನೆಯನ್ನು ನಾನೇ ತಯಾರಿಸಿ ಲಗತ್ತಿಸಿದ್ದೇನೆ. ಭರ್ತಿ ಮಾಡುವಾಗ ದಯವಿಟ್ಟು ಗಮನಿಸಬೇಕಾದ್ದು: ವಾಸದ ಪುರಾವೆಗೆ ಗ್ಯಾಸ್ ರಸೀದಿ ಮತ್ತು ವಿದ್ಯುತ್ ಬಿಲ್ ಎರಡೂ ಕಡ್ಡಾಯ. ಅತಿಥಿಗೃಹ, ತೋಟದ ಮನೆ, ಮ್ಯಾನೇಜರ್ ಕ್ವಾರ್ಟರ್ಸ್ ವಿಳಾಸಗಳನ್ನು ಪರಿಗಣಿಸಲಾಗುವುದಿಲ್ಲ. ಅಮಾವಾಸ್ಯೆಗೊಮ್ಮೆ ಬಂದು ಪೂಜೆ ಮಾಡಿಸಿ ಹೋಗುವುದನ್ನು ವಾಸವೆಂದು ತಿಳಿಯತಕ್ಕದ್ದಲ್ಲ. ಅಳತೆಯ ದಿನ ಅರ್ಜಿದಾರರು ಟೇಪು ತರುವ ಅಗತ್ಯವಿಲ್ಲ, ಊರಿನವರೇ ತರುತ್ತಾರೆ.

ಇಂತಿ ತಮ್ಮ ವಿಧೇಯ,
ಸಿ ಬ್ಲಾಕ್, ಜನಕಪುರಿ