ಮನುಷ್ಯನಿಗೆ ಬೇರೆ ಲೋಟ, ಮೀನಿಗೆ ಒಂದೇ ತೊಟ್ಟಿ

ಬೇರೆ ಇಡುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸಿದವರು ಯಾರಿದ್ದಾರೆ?

ಹೆತ್ತರೆ ಪುರುಡು. ಸತ್ತರೆ ಸೂತಕ. ಮುಟ್ಟಾದವಳಿಗೆ ಮೂರು ದಿನ ಹಿತ್ತಿಲು. ಕೆಲವರಿಗೆ ಬೇರೆ ಲೋಟ. ಅದಕ್ಕೆ ದಿನದ ಲೆಕ್ಕವಿಲ್ಲ, ತಲೆಮಾರಿನ ಲೆಕ್ಕ. ಇದಕ್ಕೆಲ್ಲ ಯಾವ ಡಾಕ್ಟರ ಚೀಟಿಯನ್ನೂ ನಾವು ಕೇಳಲಿಲ್ಲ. ಸೂಕ್ಷ್ಮದರ್ಶಕ ಇಟ್ಟು ನೋಡಿದರೆ ಒಂದು ರೋಗಾಣುವೂ ಸಿಕ್ಕದು. ಆದರೂ ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದೇವೆ.

ಇಂಥ ಜನಕ್ಕೆ ಒಂದು ಮೀನನ್ನು ಒಂದೇ ಒಂದು ತಿಂಗಳು ಬೇರೆ ಇಡಿ ಎಂದು ಹೇಳಿ ನೋಡಿ. ಮುಖ ಗಂಟಿಕ್ಕುತ್ತಾರೆ.

ಮೀನು ಎಂದರೆ ನಮ್ಮ ಕಪಿಲೆಯದಲ್ಲ. ತಿರುಮಕೂಡಲಿನ ಹರಿಗೋಲಿನಲ್ಲಿ ಬರುವುದೂ ಅಲ್ಲ. ಸಮುದ್ರದ್ದು. ಕಡುನೀಲಿ ಮೈ, ಹಳದಿ ಬಾಲ. ಅಂಗಡಿಯಲ್ಲಿ ಬ್ಲೂ ಟ್ಯಾಂಗ್, ಮಕ್ಕಳ ಬಾಯಲ್ಲಿ ಡೋರಿ. ಜೊತೆಗೆ ಕಿತ್ತಳೆ ಮೈಯ ಬಿಳಿ ಪಟ್ಟೆಯ ಕ್ಲೌನ್ ಮೀನು. ಅದು ನೀಮೋ. ನಮ್ಮೂರು ಹೆಡತಲೆಯವರು ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ಆದರೆ ನಮ್ಮೂರು ಬಿಟ್ಟು ನಂಜನಗೂಡಿನ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಗುತ್ತಿಗೆದಾರರೊಬ್ಬರ ಹಾಲ್‌ಗೆ ಸಮುದ್ರವೇ ಬಂದು ಕೂತಿದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನೀಲಿ ಎಲ್‌ಇಡಿ ದೀಪ. ತೇಗದ ಸ್ಟ್ಯಾಂಡು. ಈಶಾನ್ಯ ಮೂಲೆ, ವಾಸ್ತುವಿನವರ ಅಪ್ಪಣೆ.

ಗೃಹಪ್ರವೇಶದ ಮುಂಚಿನ ದಿನ ಮೀನು ಬಂತು. ಬಂದ ಮೀನು ನೇರ ತೊಟ್ಟಿಗೆ ಬಿತ್ತು. ನೆಂಟರು ಬರುವ ಹೊತ್ತಿಗೆ ತೊಟ್ಟಿ ತುಂಬಿರಬೇಕಲ್ಲ.

ಮಾರಿದವನನ್ನು ಕೇಳಿದೆ, ಇದನ್ನು ಬೇರೆ ಇಟ್ಟು ನೋಡಿದ್ದೀಯೇನಪ್ಪ ಅಂತ.

“ಕ್ವಾರಂಟೈನ್ ಆಗಿರೋ ಮೀನು ಸಾರ್.”

“ಎಷ್ಟು ದಿನ?”

“ನಿನ್ನೆ ಬಂತು ಸಾರ್.”

ಕ್ವಾರಂಟೈನ್ ಎಂದರೇನು ಎಂದು ನಂಜನಗೂಡಿನವರಿಗೆ ಹೇಳಿಕೊಡಬೇಕೆ? 2020ರ ಮಾರ್ಚ್ ಕೊನೆಯಲ್ಲಿ ಇಲ್ಲಿನ ಔಷಧ ಕಾರ್ಖಾನೆಯ ಒಬ್ಬ ನೌಕರನಿಗೆ ಕೊರೊನಾ ಬಂತು. ಸಾವಿರಕ್ಕೂ ಹೆಚ್ಚು ಜನರನ್ನು ಬೇರೆ ಇಟ್ಟರು. ಕೈಗೆ ಮುದ್ರೆ ಒತ್ತಿದರು. ಮೈಸೂರು ಜಿಲ್ಲೆ ಕೆಂಪು ವಲಯವಾಯಿತು. ಹಳ್ಳಿಗಳು ದಾರಿಗೆ ಮುಳ್ಳು ಎಳೆದು ಕೂತವು. ಕಾರ್ಖಾನೆಯ ಕೆಲಸದವನು ಅಂತ ಗೊತ್ತಾದರೆ ಬಾಡಿಗೆ ಮನೆಯವರು ಬಾಗಿಲು ತೆಗೆಯಲಿಲ್ಲ. ಸೋಂಕು ಇದ್ದವನನ್ನೂ ಬಿಡಲಿಲ್ಲ, ಇಲ್ಲದವನನ್ನೂ ಬಿಡಲಿಲ್ಲ. ಅಷ್ಟು ಶಿಸ್ತು! ಅದೇ ಊರಿನ ಅದೇ ಬಾಗಿಲಿನಲ್ಲಿ ಎಲ್ಲಿಂದಲೋ ಹಿಡಿದು, ಪ್ಲಾಸ್ಟಿಕ್ ಚೀಲಕ್ಕೆ ಆಕ್ಸಿಜನ್ ತುಂಬಿ, ಕೈಯಿಂದ ಕೈಗೆ ದಾಟಿಸಿ ತಂದ ಮೀನಿಗೆ ಆರತಿ ಎತ್ತುವುದೊಂದು ಬಾಕಿ.

ವಾರ ಕಳೆಯುವಷ್ಟರಲ್ಲಿ ಟ್ಯಾಂಗಿನ ಮೈಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಬಿಳಿ ಚುಕ್ಕೆ. ಮೊದಲು ಕಂಡದ್ದು ಕೆಲಸದ ಹೆಂಗಸಿಗೆ. ಗಾಜಿನ ಅಂಚಿಗೆ ಕಟ್ಟಿದ ಉಪ್ಪನ್ನು ದಿನಾ ಒರೆಸುವವಳು ಅವಳೇ.

“ಅಮ್ಮಾವ್ರೆ, ಮೀನ್ಗೆ ಅಮ್ಮ ಎದ್ದದೆ. ಇದ್ನ ಬ್ಯಾರೆ ಬುಡಿ” ಅಂದಳು.

ಮನೆಮಂದಿ ನಕ್ಕರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅಮ್ಮ ಆದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಹೊರಗಿನವರನ್ನು ಬಿಡದೆ, ಒಳಗಿನವರನ್ನು ಕಳಿಸದೆ ಇರುವುದನ್ನು ಅವಳು ಕಂಡವಳು. ಗುತ್ತಿಗೆದಾರರ ಮನೆಯಲ್ಲಿ ಸೋಂಕಿನ ಬಗ್ಗೆ ತಿಳಿವಳಿಕೆ ಇದ್ದದ್ದು ಅವಳೊಬ್ಬಳಿಗೇ. ಅವಳ ಲೋಟ ಮಾತ್ರ ಹಿಂಬಾಗಿಲಿನ ಕಿಟಕಿ ಸರಳಿನ ಹತ್ತಿರ ಬೋರಲು ಬಿದ್ದಿರುತ್ತದೆ. ಅದಕ್ಕೆ ಕ್ವಾರಂಟೈನ್ ಮುಗಿಯುವ ತಾರೀಖನ್ನು ಯಾರೂ ಬರೆದಿಲ್ಲ.

ಆ ಚುಕ್ಕೆಯ ಹೆಸರು ಕ್ರಿಪ್ಟೋಕ್ಯಾರಿಯಾನ್. ಒಂದೇ ಜೀವಕೋಶದ ಪರೋಪಜೀವಿ. ಮೀನಿನ ಚರ್ಮದೊಳಕ್ಕೆ, ಕಿವಿರಿನೊಳಕ್ಕೆ ತೂರಿಕೊಂಡು ಮೂರರಿಂದ ಏಳು ದಿನ ತಿಂದು ಕೊಬ್ಬುತ್ತದೆ. ಆಮೇಲೆ ತಾನಾಗಿಯೇ ಉದುರಿ, ತಳದ ಮರಳಿಗೋ ಕಲ್ಲಿಗೋ ಅಂಟಿ, ಗೂಡು ಕಟ್ಟಿ ಕೂರುತ್ತದೆ. ಗೂಡಿನೊಳಗೆ ಒಂದು ನೂರಾರಾಗುತ್ತದೆ. ಗೂಡು ಬಿರಿದು ಹೊರಬಂದ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾವು. ಕಡಲಿನಲ್ಲಿ ಬಹುಪಾಲು ಹಾಗೇ ಸಾಯುತ್ತವೆ. ಗಾಜಿನ ಪೆಟ್ಟಿಗೆಯಲ್ಲಿ ಮೀನು ಎಲ್ಲಿಗೆ ಓಡೀತು?

ತಮಾಷೆ ಇರುವುದು ನಡುವಿನ ಆ ಬಿಡುವಿನಲ್ಲಿ. ಚುಕ್ಕೆ ಉದುರುತ್ತದೆ. ಮೀನು ಪಳಪಳ ಹೊಳೆಯುತ್ತದೆ. ಆ ವಾರ ಯಾರು ಏನು ಹಾಕಿದ್ದರೋ ಅವರೇ ಧನ್ವಂತರಿ. ಒಬ್ಬರು ಬೆಳ್ಳುಳ್ಳಿ ರಸದಲ್ಲಿ ತಿಂಡಿ ನೆನೆಸಿ ಹಾಕಿದ್ದರು. ಇನ್ನೊಬ್ಬರು ಅರಿಶಿನ. ಮಗ ಮೊಬೈಲಿನಲ್ಲಿ ವಿಡಿಯೋ ಮಾಡಿ ‘ನಾಟಿ ಔಷಧ ಗೆದ್ದಿತು’ ಎಂದು ಊರಿಗೆಲ್ಲ ಹಂಚಿದ. ಮುಂದಿನ ವಾರ ತೊಟ್ಟಿಯ ಎಲ್ಲ ಮೀನಿನ ಮೈಮೇಲೂ ಚುಕ್ಕೆ. ಆ ವಿಡಿಯೋ ಬರಲಿಲ್ಲ.

ನಿಜವಾದ ಔಷಧ ಇದೆ. ತಾಮ್ರ. ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಕಡಿಮೆಯಾದರೆ ಹುಳಕ್ಕೆ ನಗು, ಹೆಚ್ಚಾದರೆ ಮೀನಿಗೆ ಸಾವು. ನೀರಿನಲ್ಲಿ ಈಜುವ ಮರಿಗಳನ್ನಷ್ಟೇ ಅದು ಕೊಲ್ಲುತ್ತದೆ. ಚರ್ಮದೊಳಗಿನದನ್ನೂ ಗೂಡಿನೊಳಗಿನದನ್ನೂ ಮುಟ್ಟುವುದಿಲ್ಲ. ಹಾಗಾಗಿ ದಿನಾ ಅಳೆದು ವಾರಗಟ್ಟಲೆ ಆ ಮಟ್ಟ ಕಾಯಬೇಕು. ಸೀಗಡಿ, ಬಸವನಹುಳು, ಹವಳ ಇವಕ್ಕೆ ತಾಮ್ರ ವಿಷ. ತೊಟ್ಟಿಯ ಕಲ್ಲು ಅದನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಬೇರೆ ತೊಟ್ಟಿ ಬೇಕೆನ್ನುವುದು. ಮರಳಿಲ್ಲದ, ಕಲ್ಲಿಲ್ಲದ ಬೋಳು ಗಾಜಿನ ತೊಟ್ಟಿ, ಒಂದು ಸ್ಪಂಜಿನ ಫಿಲ್ಟರು, ಅಡಗಲು ನಾಲ್ಕು ತುಂಡು ಪಿವಿಸಿ ಪೈಪು. ಆ ಟ್ಯಾಂಗಿನ ಬೆಲೆಗಿಂತ ಅಗ್ಗ. ತಾಮ್ರ ಬೇಡವೆಂದರೆ ಮೂರು ದಿನಕ್ಕೊಮ್ಮೆ ಒಣಗಿಸಿಟ್ಟ ಬೇರೆ ತೊಟ್ಟಿಗೆ ಮೀನನ್ನು ಸಾಗಿಸುತ್ತ, ಉದುರಿದ ಹುಳವನ್ನು ಹಿಂದೆಯೇ ಬಿಟ್ಟು ಬರುವ ಉಪಾಯವೂ ಇದೆ. ದುಡ್ಡಿನ ಖರ್ಚಲ್ಲ, ತಾಳ್ಮೆಯ ಖರ್ಚು.

ಈ ಮಾತು ಅರ್ಧ ಕಿವಿಗೆ ಬಿದ್ದ ಯಜಮಾನರ ಷಡ್ಡಕ, ತೋಟದವರು, “ತಾಮ್ರ ತಾನೆ? ಮೈಲುತುತ್ತ ಅದಲ್ಲ ನಮ್ಮನೇಲಿ” ಎಂದು ಒಂದು ಚಿಟಿಕೆ ತಂದು ಹಾಲ್‌ನ ತೊಟ್ಟಿಗೇ ಉದುರಿಸಿದರು. ಅಡಕೆಯ ಕೊಳೆರೋಗಕ್ಕೆ ಸುಣ್ಣ ಮತ್ತು ಮೈಲುತುತ್ತದ ಅಳತೆಯನ್ನು ಸಸ್ಯರೋಗ ತಜ್ಞ ಕೋಲ್ಮನ್ ಸಾಹೇಬರು ಮೈಸೂರು ಸೀಮೆಗೆ ಹೇಳಿಕೊಟ್ಟು ನೂರು ವರ್ಷದ ಮೇಲಾಯಿತು. ಮೈಲುತುತ್ತ ಉಳಿದುಕೊಂಡಿತು. ಅಳತೆ ಎಲ್ಲೋ ಉದುರಿಹೋಯಿತು. ಸಂಜೆಗೆ ಸೀಗಡಿಗಳು ಮಗುಚಿಕೊಂಡವು.

ನಗಬೇಡಿ, ಅಮೆರಿಕದವರೂ ಕಡಿಮೆಯೇನಲ್ಲ. ಇದೇ ಚುಕ್ಕೆಗೆ ಕ್ಲೋರೊಕ್ವಿನ್ ಫಾಸ್ಫೇಟ್ ಕೂಡ ಬಳಸುತ್ತಾರೆ. ಅವರ ಅಧ್ಯಕ್ಷರು ಟಿವಿಯಲ್ಲಿ ಕ್ಲೋರೊಕ್ವಿನ್ ಕೊಂಡಾಡಿದರೆಂದು 2020ರ ಮಾರ್ಚಿನಲ್ಲಿ ಅರಿಜೋನಾದ ಒಬ್ಬಾತ ಮೀನಿನ ತೊಟ್ಟಿಗೆ ಇಟ್ಟಿದ್ದ ಆ ಪುಡಿಯನ್ನು ತಾನೇ ನುಂಗಿ ಸತ್ತ. ಅಲ್ಲಿ ಮೀನಿನ ಔಷಧ ಮನುಷ್ಯನಿಗೆ. ಇಲ್ಲಿ ಅಡಕೆಯ ಔಷಧ ಮೀನಿಗೆ.

ಸರ್ಕಾರ? ಇದೆ, ಇದೆ. 2017ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಕ್ವೇರಿಯಂ ಅಂಗಡಿಗಳಿಗೆ ನಿಯಮ ಮಾಡಿತು. 158 ಜಾತಿಯ ಜೀವಿಗಳನ್ನು ಗಾಜಿನಲ್ಲಿ ಇಡಕೂಡದು, ಮಾರಕೂಡದು ಎಂದಿತು. ಕ್ಲೌನ್ ಮೀನೂ ಆ ಪಟ್ಟಿಯಲ್ಲಿತ್ತು. ವ್ಯಾಪಾರದವರು ಗದ್ದಲ ಎಬ್ಬಿಸಿದರು. ಸಚಿವಾಲಯ ನಿಯಮವನ್ನೇ ಹಿಂದಕ್ಕೆ ತೆಗೆದುಕೊಂಡಿತು. ಹೊರದೇಶದಿಂದ ಬರುವ ವನಾಮಿ ಸೀಗಡಿಯ ತಾಯಿಗಳಿಗೆ ಮಾತ್ರ ಚೆನ್ನೈನ ನೀಲಾಂಗರೈಯಲ್ಲಿ ಪ್ರತ್ಯೇಕ ಕ್ವಾರಂಟೈನ್ ಕೇಂದ್ರವಿದೆ. ಅದರ ಮರಿ ಬೆಳೆದು ರಫ್ತಾಗಿ ಡಾಲರು ತರುತ್ತದಲ್ಲ. ಡಾಲರಿಗೆ ಸೋಂಕು ತಗಲಬಾರದು. ಹಾಲ್‌ನಲ್ಲಿ ಸಾಯುವ ಮೀನಿಗೆ ಯಾವ ಡಾಲರು? ಅಂದಹಾಗೆ, ಗಟ್ಟಿ ಹವಳಗಳೂ ಕಡಲ್ಗುದುರೆಯೂ 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿದವು, ಹುಲಿಯ ಸಾಲಿಗೆ. ಗುತ್ತಿಗೆದಾರರ ತೊಟ್ಟಿಯಲ್ಲಿ ಮಿನುಗುವುದು ಪ್ಲಾಸ್ಟಿಕ್ಕಿನ ಹವಳ ಎಂದು ನಂಬೋಣ.

ಬೇರೆ ಇಡದೆ ಕೆಟ್ಟ ಬದುಕು ಹುಡುಕಲು ನಂಜನಗೂಡಿನವರು ಕಡಲಿಗೇ ಹೋಗಬೇಕಿಲ್ಲ. ರಸಬಾಳೆ ಏನಾಯಿತು? ಪನಾಮಾ ಸೊರಗು ರೋಗ ಮಣ್ಣಿನಲ್ಲೂ ಕಂದಿನಲ್ಲೂ ಕೂತು ತೋಟದಿಂದ ತೋಟಕ್ಕೆ ಸವಾರಿ ಮಾಡಿತು. ರೋಗದ ತೋಟದ ಕಂದನ್ನು ‘ಚೆನ್ನಾಗೇ ಕಾಣ್ತದೆ’ ಎಂದು ಕಿತ್ತು ನೆಟ್ಟೆವು. ಬಾಳೆ ಹೋಯಿತು. ಭೌಗೋಳಿಕ ಗುರುತಿನ ಸರ್ಟಿಫಿಕೇಟು ಬಂತು.

ಇನ್ನು ಟ್ಯಾಂಗ್. ಅದು ಸತ್ತಿತು. ಹೋಗುವಾಗ ಕ್ಲೌನ್ ಮೀನುಗಳನ್ನೂ ಕರೆದುಕೊಂಡು ಹೋಯಿತು. ನಾನು ಸಂತಾಪ ಹೇಳಲು ಹೋದರೆ ಮನೆಯಲ್ಲಿ ನಿರಾಳ! “ನಮಗೆ ಬರಬೇಕಾಗಿದ್ದ ಕಂಟಕ ಮೀನಿಗೆ ಹೋಯ್ತು” ಎಂದು ವಾಸ್ತುವಿನವರು ಹೇಳಿದ್ದಾರಂತೆ. ಎಂಥ ಏರ್ಪಾಡು ನೋಡಿ. ಬದುಕಿದರೆ ಐಶ್ವರ್ಯ, ಸತ್ತರೆ ದೃಷ್ಟಿ ಪರಿಹಾರ. ಮಾರಿದವನ ತಪ್ಪಿಲ್ಲ, ತಂದವನ ತಪ್ಪಿಲ್ಲ. ಹುಳಕ್ಕೂ ಪುಣ್ಯ ಸಿಕ್ಕಿರಬೇಕು.

ತೊಟ್ಟಿಯ ತಳದಲ್ಲಿ ಗೂಡುಗಳಿನ್ನೂ ಕೂತಿರುತ್ತವೆ. ಅನುಭವಸ್ಥರು 76 ದಿನ ಒಂದೂ ಮೀನು ಬಿಡದೆ ಕಾಯುತ್ತಾರೆ. ಅಷ್ಟು ಹೇಳಿದೆ. ಹೊಸ ಮೀನನ್ನು ಅಲ್ಲಿಯವರೆಗೆ ಸ್ಟೋರ್ ರೂಮಿನಲ್ಲಿ ಬೋಳು ತೊಟ್ಟಿ ಇಟ್ಟು ನೋಡಿಕೊಳ್ಳಿ ಅಂದೆ.

“ಸ್ಟೋರ್ ರೂಮು ದೇವರ ಮನೆಗೆ ಅಂಟಿಕೊಂಡಿದೆ. ಮೈಲಿಗೆ ಆಗುತ್ತೆ” ಅಂದರು ಮನೆಯಾಕೆ.

“ಖಾಲಿ ತೊಟ್ಟಿ ಈಶಾನ್ಯದಲ್ಲಿ ಅಪಶಕುನ” ಅಂದರು ಯಜಮಾನರು. ಪ್ರತಿಷ್ಠೆಯಾದ ಗಣಪತಿಗೆ 48 ದಿನ ಮಂಡಲ ಪೂಜೆ ಮಾಡಿಸಿದವರು ಇವರೇ. ವರಮಹಾಲಕ್ಷ್ಮಿ ಹಬ್ಬಕ್ಕೆ ಆಗಲೇ ಎರಡು ಟ್ಯಾಂಗ್ ಹೇಳಿದ್ದಾರೆ.

ಅಷ್ಟು ದಿನ ಬೇರೆ ಇಟ್ಟರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಕೇಳಿಯೇಬಿಟ್ಟೆ.

ಹಿಂಬಾಗಿಲಿನಲ್ಲಿ ಕೆಲಸದವಳ ಲೋಟಕ್ಕೆ ಮೇಲಿನಿಂದ ಕಾಫಿ ಸುರಿಯುತ್ತಿದ್ದ ಮನೆಯಾಕೆ ಅಲ್ಲಿಂದಲೇ ಉತ್ತರ ಕೊಟ್ಟರು:

“ಮೀನು ತಾನೆ ಸ್ವಾಮಿ, ಬೇರೆ ಬೇರೆ ಇಡೋಕೆ ಅವೇನು ಮನುಷ್ಯರಾ?”